ಓದುಗರ ಪ್ರಶ್ನೆ, ಅಂಕಣದ ಉತ್ತರ: ಆ ದಿನ ಆ ತುಕಡಿ ಯಾರ ಅಧೀನದಲ್ಲಿತ್ತು?

ಈ ಸಂಚಿಕೆಗೆ ಆಯ್ದುಕೊಂಡ ಆರು ಪತ್ರಗಳೂ ಒಂದೇ ವಿಷಯಕ್ಕೆ ಸಂಬಂಧಿಸಿದವು. ಸೇನೆಯ ಅಥವಾ ಅರೆಸೇನಾ ಪಡೆಯ ಮೇಲೆ ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಂದಾಗ, ಘಟನೆಯ ದಿನ ಅಲ್ಲಿದ್ದ ತುಕಡಿ ಯಾವುದು, ಅದಕ್ಕೆ ಆದೇಶ ಕೊಡುತ್ತಿದ್ದವರು ಯಾರು, ಅವರ ಮೇಲಿದ್ದವರು ಯಾರು ಎಂಬುದನ್ನು ದಾಖಲೆಗಳ ಮೂಲಕ ಗುರುತಿಸುವ ಕೆಲಸವೇ ಆ ವಿಷಯ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ಮನೆಗಳು ಬಹಳ ಇವೆ. ಆದ್ದರಿಂದ ಬಂದ ಪತ್ರಗಳಲ್ಲಿ ತಿಳಿಯುವ ಆಸೆಯ ಜೊತೆಗೆ ನೋವೂ ಇದೆ, ಸಿಟ್ಟೂ ಇದೆ. ಎರಡಕ್ಕೂ ನೇರವಾಗಿ ಉತ್ತರಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಪ್ರಶ್ನೆ: ಗುಂಡು ಹಾರಿಸಿದವನು ಯಾರೆಂದು ಗೊತ್ತಾದರೆ ಸಾಲದೇ? ಅವನ ಮೇಲಿನ ಅಧಿಕಾರಿಗಳನ್ನೆಲ್ಲ ಹುಡುಕಿಕೊಂಡು ಹೋಗುವುದರಿಂದ ಕಾನೂನಿನ ದೃಷ್ಟಿಯಲ್ಲಿ ಪ್ರಯೋಜನವೇನು?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಗುಂಡು ಹಾರಿಸಿದವನ ಗುರುತು ಸಿಗುವ ಪ್ರಕರಣಗಳು ನೀವು ಭಾವಿಸಿರುವುದಕ್ಕಿಂತ ಕಡಿಮೆ. ನಡುರಾತ್ರಿ ಬಾಗಿಲು ಬಡಿದವರ ಹೆಸರು ಮನೆಯವರಿಗೆ ತಿಳಿದಿರುವುದಿಲ್ಲ. ಅವರಿಗೆ ನೆನಪಿರುವುದು ಸಮವಸ್ತ್ರದ ಬಣ್ಣ, ತೋಳಿನ ಮೇಲಿನ ಲಾಂಛನ, ವಾಹನದ ಮೇಲಿದ್ದ ಅಂಕಿ, ಮಗನನ್ನು ಕರೆದೊಯ್ದ ಕ್ಯಾಂಪು ಇರುವ ಊರು, ಹೆಚ್ಚೆಂದರೆ ಉಳಿದವರೆಲ್ಲ ‘ಸಾಹೇಬ್’ ಎಂದು ಕರೆಯುತ್ತಿದ್ದ ಒಬ್ಬ ವ್ಯಕ್ತಿಯ ಮುಖ. ಆದಕಾರಣ ದಾಖಲಾತಿ ಆರಂಭವಾಗುವುದು ತುಕಡಿಯಿಂದ. ತುಕಡಿ ಖಚಿತವಾದ ಮೇಲೆ ಅದರ ಕಮಾಂಡರ್ ಯಾರು, ಆತ ಯಾರಿಗೆ ವರದಿ ಒಪ್ಪಿಸುತ್ತಿದ್ದ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಎಲ್ಲರಿಗೂ ಗೊತ್ತಿರುವ ಒಂದು ಘಟನೆಯನ್ನೇ ನೋಡಿ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಸೈನಿಕರು 1,650 ಸುತ್ತು ಗುಂಡು ಹಾರಿಸಿದರು. ಸತ್ತವರು 379 ಮಂದಿ ಎಂದು ಸರ್ಕಾರ ನೇಮಿಸಿದ ಹಂಟರ್ ಸಮಿತಿ ಹೇಳಿತು, ಭಾರತೀಯರು ಆ ಲೆಕ್ಕವನ್ನು ಎಂದೂ ಒಪ್ಪಲಿಲ್ಲ. ಜನರ ನೆನಪಿನಲ್ಲಿ ಉಳಿದ ಹೆಸರು ಡೈಯರ್‌ನದು. ಆದರೆ ಡೈಯರ್ ಜಲಂಧರ್‌ನಲ್ಲಿದ್ದ 45ನೇ ಬ್ರಿಗೇಡಿನ ಕಮಾಂಡರ್ ಆಗಿದ್ದ; ಆತನ ಮೇಲೆ ಲಾಹೋರ್‌ನ 16ನೇ ಡಿವಿಷನ್ನಿನ ಜನರಲ್ ಬೇನನ್ ಇದ್ದ; ನಾಗರಿಕ ಆಡಳಿತದ ತುದಿಯಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವೈಯರ್ ಇದ್ದ. ಘಟನೆಯ ವರದಿ ತಲುಪಿದ ಬಳಿಕ ಬೇನನ್ ಕಡೆಯಿಂದ ಡೈಯರ್‌ಗೆ ಹೋದ ತಂತಿಯಲ್ಲಿ, ಅವನು ಕೈಗೊಂಡ ಕ್ರಮ ಸರಿಯೆಂದೂ ಅದಕ್ಕೆ ಲೆಫ್ಟಿನೆಂಟ್ ಗವರ್ನರರ ಸಮ್ಮತಿ ಇದೆಯೆಂದೂ ತಿಳಿಸಲಾಗಿತ್ತು. ಆ ತಂತಿ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಜಲಿಯನ್‌ವಾಲಾ ಬಾಗ್ ಒಬ್ಬ ಕ್ರೂರ ಅಧಿಕಾರಿಯ ಕೃತ್ಯವೆಂದಷ್ಟೇ ಇತಿಹಾಸದಲ್ಲಿ ಉಳಿಯುತ್ತಿತ್ತು; ಅದು ಇರುವುದರಿಂದ, ಮೇಲಿನವರು ಅರಿತೇ ಅದನ್ನು ಒಪ್ಪಿಕೊಂಡರೆಂಬುದು ನಮಗೆ ತಿಳಿಯುತ್ತದೆ.

ಇಂದಿನ ಅಂತರರಾಷ್ಟ್ರೀಯ ಕಾನೂನು ಕೇಳುವುದೂ ಬಹುಮಟ್ಟಿಗೆ ಇದನ್ನೇ. ಹಳೆಯ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1993ರಲ್ಲಿ ಸ್ಥಾಪಿಸಿದ ನ್ಯಾಯಮಂಡಳಿಯು, ಚೆಲೆಬಿಚಿ ಎಂಬ ಸೆರೆಶಿಬಿರದ ಪ್ರಕರಣದಲ್ಲಿ 1998ರ ನವೆಂಬರ್ 16ರಂದು ಕೊಟ್ಟ ತೀರ್ಪಿನಲ್ಲಿ ಮೇಲಧಿಕಾರಿಯ ಹೊಣೆಯನ್ನು ವಿವರವಾಗಿ ವಿಶ್ಲೇಷಿಸಿತು. ಅಪರಾಧ ಎಸಗಿದವರು ನಿಜವಾಗಿಯೂ ಆ ಅಧಿಕಾರಿಯ ಹತೋಟಿಯಲ್ಲಿದ್ದರೇ. ಅಪರಾಧ ನಡೆಯುವುದು ಅಥವಾ ನಡೆದದ್ದು ಆತನಿಗೆ ತಿಳಿದಿತ್ತೇ, ಇಲ್ಲವೇ ತಿಳಿಯಲು ತಕ್ಕ ಕಾರಣಗಳಿದ್ದವೇ. ತಿಳಿದ ಮೇಲೂ ಅದನ್ನು ತಡೆಯಲು ಅಥವಾ ತಪ್ಪಿತಸ್ಥರನ್ನು ಶಿಕ್ಷಿಸಲು ಆತ ತನ್ನಿಂದ ಸಾಧ್ಯವಿದ್ದುದನ್ನು ಮಾಡದೆ ಬಿಟ್ಟನೇ. ಈ ಮೂರೂ ಸಾಬೀತಾದರೆ, ಆದೇಶವನ್ನೇ ಕೊಡದಿದ್ದ ಅಧಿಕಾರಿಯೂ ಹೊಣೆಗಾರನಾಗುತ್ತಾನೆ. ಇವುಗಳಲ್ಲಿ ಮೊದಲನೆಯದನ್ನು ಸಾಬೀತುಪಡಿಸಲು ಆದೇಶದ ಸರಪಳಿಯ ದಾಖಲೆ ಇಲ್ಲದೆ ಸಾಧ್ಯವಿಲ್ಲ; ಅದು ನಿಲ್ಲದಿದ್ದರೆ ಉಳಿದೆರಡೂ ನಿಲ್ಲುವುದಿಲ್ಲ.

ಪ್ರಶ್ನೆ: ನಾನು ಮರಾಠಾ ಲಘು ಪದಾತಿ ದಳದಲ್ಲಿ ಸೇವೆ ಮಾಡಿ ನಿವೃತ್ತನಾದವನು. ಈಗ ಮಗನೂ ಅದೇ ರೆಜಿಮೆಂಟಿನಲ್ಲಿದ್ದಾನೆ. ಎಲ್ಲೋ ಯಾವನೋ ಒಬ್ಬ ಮಾಡಿದ ತಪ್ಪಿಗೆ ಪತ್ರಿಕೆಗಳಲ್ಲಿ ಇಡೀ ರೆಜಿಮೆಂಟಿನ ಹೆಸರು ಬರೆಯುತ್ತಾರೆ. ಈ ದಾಖಲಾತಿಯೆಂಬುದು ಸೈನಿಕರ ಮಾನ ಕಳೆಯುವ ಕೆಲಸವಲ್ಲದೆ ಮತ್ತೇನು?
— ನಿವೃತ್ತ ಹವಾಲ್ದಾರರು, ರೋಣ ತಾಲ್ಲೂಕು, ಗದಗ ಜಿಲ್ಲೆ

ಹಿರಿಯರೇ, ತಮ್ಮ ಸಿಟ್ಟಿಗೆ ಕಾರಣವಿದೆ. ರೆಜಿಮೆಂಟಿನ ಹೆಸರನ್ನು ಹಿಡಿದು ಆರೋಪ ಬರೆಯುವುದು ತಪ್ಪು ಮಾತ್ರವಲ್ಲ, ಅದು ದಾಖಲಾತಿಯ ಮೊದಲ ಪಾಠವನ್ನೇ ಕಲಿಯದವರ ಬರವಣಿಗೆ.

ತಮಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಉಳಿದ ಓದುಗರಿಗಾಗಿ ಬರೆಯುತ್ತೇನೆ. ಬೆಳಗಾವಿಯಲ್ಲಿರುವ ರೆಜಿಮೆಂಟಲ್ ಸೆಂಟರ್ ಸೈನಿಕನಿಗೆ ತವರುಮನೆ ಇದ್ದಂತೆ: ಅಲ್ಲಿ ಆತ ತರಬೇತಿ ಪಡೆಯುತ್ತಾನೆ, ಪ್ರಮಾಣವಚನ ಸ್ವೀಕರಿಸುತ್ತಾನೆ, ಆತನ ಸೇವಾ ದಾಖಲೆ ಅಲ್ಲಿರುತ್ತದೆ, ರೆಜಿಮೆಂಟಿನ ಅಭಿಮಾನವೂ ಅಲ್ಲಿಂದಲೇ ಬರುತ್ತದೆ. ಆದರೆ ಆತನ ಬೆಟಾಲಿಯನ್ ಗಡಿಯಲ್ಲೋ ಕಾಶ್ಮೀರದಲ್ಲೋ ಈಶಾನ್ಯದಲ್ಲೋ ನಿಯೋಜನೆಗೊಂಡಾಗ ಅದಕ್ಕೆ ಆದೇಶ ಬರುವುದು ಬೆಳಗಾವಿಯಿಂದಲ್ಲ. ಕಂಪನಿಯನ್ನು ಸಾಮಾನ್ಯವಾಗಿ ಒಬ್ಬ ಮೇಜರ್ ನಡೆಸಿದರೆ, ಬೆಟಾಲಿಯನ್ನಿಗೆ ಕರ್ನಲ್ ದರ್ಜೆಯ ಕಮಾಂಡಿಂಗ್ ಆಫೀಸರ್ ಇರುತ್ತಾರೆ. ಅವರ ಮೇಲೆ ಬ್ರಿಗೇಡಿಯರ್, ಮೇಜರ್ ಜನರಲ್ ದರ್ಜೆಯ ಡಿವಿಷನ್ ಕಮಾಂಡರ್, ಲೆಫ್ಟಿನೆಂಟ್ ಜನರಲ್ ದರ್ಜೆಯ ಕೋರ್ ಕಮಾಂಡರ್, ಕೊನೆಗೆ ಉಧಂಪುರ, ಕೋಲ್ಕತ್ತ ಅಥವಾ ಪುಣೆಯಂತಹ ಕಮಾಂಡ್ ಕೇಂದ್ರ. ಬೆಟಾಲಿಯನ್ ಸ್ಥಳ ಬದಲಿಸಿದ ಕೂಡಲೇ ಈ ಮೇಲಿನವರೆಲ್ಲ ಬದಲಾಗುತ್ತಾರೆ, ರೆಜಿಮೆಂಟಿನ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಅಂದಮೇಲೆ ರೆಜಿಮೆಂಟಿನ ಹೆಸರನ್ನಷ್ಟೇ ಬರೆದವನು ಹೊಣೆಗಾರರನ್ನು ಬಿಟ್ಟುಬಿಟ್ಟು, ಘಟನೆಗೆ ಸಂಬಂಧವೇ ಇಲ್ಲದ ಸಾವಿರಾರು ಸೈನಿಕರಿಗೆ ಕಳಂಕ ಹಚ್ಚಿದಂತಾಯಿತು.

ಜಮ್ಮು ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಗೆಂದು ಇರುವ ರಾಷ್ಟ್ರೀಯ ರೈಫಲ್ಸ್‌ನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಅಲ್ಲಿನ ಸೈನಿಕರು ಬೇರೆ ಬೇರೆ ರೆಜಿಮೆಂಟುಗಳಿಂದ ನಿಯೋಜನೆಯ ಮೇಲೆ ಬಂದವರು. ಪಡೆ ಕಾರ್ಯನಿರ್ವಹಿಸುವುದು ಕಿಲೋ ಫೋರ್ಸ್, ವಿಕ್ಟರ್ ಫೋರ್ಸ್ ಮುಂತಾದ ಮುಖ್ಯಾಲಯಗಳ ಕೆಳಗೆ. ಈ ಎರಡರ ಮೇಲೆ ಇರುವುದು ಶ್ರೀನಗರದ 15ನೇ ಕೋರ್. ಅಸ್ಸಾಂ ರೈಫಲ್ಸ್ ಆಡಳಿತದ ವಿಷಯದಲ್ಲಿ ಗೃಹ ಸಚಿವಾಲಯದ ಅಧೀನದಲ್ಲಿದ್ದು, ಕಾರ್ಯಾಚರಣೆಯ ವಿಷಯದಲ್ಲಿ ಸೇನೆಯ ಅಧೀನದಲ್ಲಿದೆ. ಸಂಬಳ, ಬಡ್ತಿ, ರಜೆ ಒಂದು ದಾರಿಯಲ್ಲಿ ಸಾಗಿದರೆ, ಗಸ್ತಿಗೆ ಹೋಗು, ಮನೆ ಶೋಧಿಸು ಎಂಬ ಆದೇಶ ಇನ್ನೊಂದು ದಾರಿಯಲ್ಲಿ ಬರುತ್ತದೆ. ಆರೋಪ ಬಂದಾಗ ಎರಡನೆಯ ದಾರಿಯನ್ನು ಹಿಡಿಯಬೇಕು, ಮೊದಲನೆಯದನ್ನಲ್ಲ. ಎಷ್ಟೋ ವರದಿಗಳು ಎಡವಿರುವುದು ಇಲ್ಲಿಯೇ.

ಇನ್ನು ಮಾನದ ಮಾತು. ತನಿಖೆ ತಳಮಟ್ಟದಲ್ಲಿಯೇ ನಿಂತುಹೋದರೆ ಶಿಕ್ಷೆ ಅನುಭವಿಸುವವರು ಯಾರೆಂಬುದು ನಾಯಕ್, ಹವಾಲ್ದಾರ್ ದರ್ಜೆಯಲ್ಲಿ ದುಡಿದ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಮೇಲಿನಿಂದ ಬಂದ ಆದೇಶವನ್ನು ಪಾಲಿಸಿದ ಸಿಪಾಯಿಯೊಬ್ಬನೇ ಕಟಕಟೆಯಲ್ಲಿ ನಿಲ್ಲಬಾರದು, ಏನೂ ಮಾಡದ ಪಕ್ಕದ ಕಂಪನಿಯ ಸಿಪಾಯಿ ಸಂಶಯಕ್ಕೆ ಗುರಿಯಾಗಲೂಬಾರದು ಎನ್ನುವುದಾದರೆ, ಯಾರು ಎಲ್ಲಿದ್ದರು, ಯಾರ ಕೆಳಗಿದ್ದರು ಎಂಬುದನ್ನು ಕರಾರುವಾಕ್ಕಾಗಿ ಬರೆದಿಡುವುದೇ ತಮ್ಮ ಮಗನಂಥವರಿಗೂ ರಕ್ಷಣೆ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಸೇನೆ ತನ್ನ ಒಳಗಿನ ವಿಷಯಗಳನ್ನು ಹೊರಗಿನವರಿಗೆ ಹೇಳುವುದಿಲ್ಲ. ಹಾಗಿರುವಾಗ ಪತ್ರಕರ್ತರು, ಸಂಶೋಧಕರು ಈ ಮಾಹಿತಿಯನ್ನು ಎಲ್ಲಿಂದ ಸಂಗ್ರಹಿಸುತ್ತಾರೆ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?
— ಹವ್ಯಾಸಿ ವರದಿಗಾರರು, ಹುಬ್ಬಳ್ಳಿ

ಅಚ್ಚರಿಯೆನಿಸಬಹುದು, ಬಹುಪಾಲು ಮಾಹಿತಿ ಗುಟ್ಟಿನದಲ್ಲ. ಅಧಿಕಾರಿಗಳ ನೇಮಕ, ಬಡ್ತಿಗಳ ಕುರಿತ ರಕ್ಷಣಾ ಸಚಿವಾಲಯದ ಅಧಿಸೂಚನೆಗಳಿಗಾಗಿಯೇ ಭಾರತದ ಗೆಜೆಟ್‌ನಲ್ಲಿ ಒಂದು ವಿಭಾಗವಿದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಗಳಂದು ಪ್ರಕಟವಾಗುವ ಶೌರ್ಯ ಪದಕಗಳ ಪಟ್ಟಿಯಲ್ಲಿ ಹೆಸರು, ದರ್ಜೆ, ತುಕಡಿ ಇರುತ್ತವೆ. ಕೋರ್ ಕಮಾಂಡರ್ ಅಧಿಕಾರ ವಹಿಸಿಕೊಂಡರೆ ಮರುದಿನದ ಪತ್ರಿಕೆಯಲ್ಲಿ ಚಿತ್ರಸಹಿತ ಸುದ್ದಿ ಬರುತ್ತದೆ. ಬ್ರಿಗೇಡಿಯರ್ ಒಬ್ಬರು ವೈದ್ಯಕೀಯ ಶಿಬಿರ ಉದ್ಘಾಟಿಸಿದ ಸಣ್ಣ ಸುದ್ದಿಯೂ, ಆ ತಿಂಗಳು ಆ ಊರು ಯಾವ ಬ್ರಿಗೇಡಿನ ವ್ಯಾಪ್ತಿಯಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ನಿವೃತ್ತಿಯಾಗಿ ಊರಿಗೆ ಮರಳಿದ ಯೋಧನನ್ನು ತೆರೆದ ವಾಹನದಲ್ಲಿ ಮೆರವಣಿಗೆ ಮಾಡಿದ ವರದಿಗಳು ಬರುತ್ತವಲ್ಲ, ಅವುಗಳಲ್ಲಿಯೂ ಸೇವೆ ಸಲ್ಲಿಸಿದ ಸ್ಥಳಗಳ ಹೆಸರು ಇರುತ್ತದೆ. ಆದರೆ ಅಂಥ ವರದಿಯಲ್ಲಿ ತುಕಡಿಯ ಹೆಸರು, ವರ್ಷ ತಪ್ಪಾಗಿರುವುದು ಸಾಮಾನ್ಯ. ಅದೊಂದನ್ನೇ ಆಧಾರವಾಗಿ ಇಟ್ಟುಕೊಂಡು ಏನನ್ನೂ ಬರೆಯಬಾರದು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ‘ಸೆಕ್ಯುರಿಟಿ ಫೋರ್ಸ್ ಮಾನಿಟರ್’ ಎಂಬ ಯೋಜನೆಯೊಂದು ಸಾರ್ವಜನಿಕ ಮೂಲಗಳಿಂದಲೇ ಹಲವು ದೇಶಗಳ ಸೇನೆ, ಪೊಲೀಸ್ ಪಡೆಗಳ ರಚನೆಯನ್ನು ದಾಖಲಿಸಿ ಎಲ್ಲರಿಗೂ ತೆರೆದಿಟ್ಟಿದೆ. ಅದರ ವಿಧಾನದಲ್ಲಿ ನಾನು ಬಹಳ ಮೆಚ್ಚುವುದು ಒಂದು ಶಿಸ್ತನ್ನು. ಇಂಥವರು ಈ ತುಕಡಿಯ ಕಮಾಂಡರ್ ಎಂಬ ವಾಕ್ಯಕ್ಕೆ ಅಲ್ಲಿ ಬೆಲೆ ಇಲ್ಲ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂಬುದು ಇರಬೇಕು, ಮತ್ತು ಹೆಸರಿಗೆ, ಹುದ್ದೆಗೆ, ಸ್ಥಳಕ್ಕೆ, ದಿನಾಂಕಕ್ಕೆ ಪ್ರತ್ಯೇಕ ಪ್ರತ್ಯೇಕ ಆಧಾರ ಇರಬೇಕು.

ಈ ಶಿಸ್ತಿಗೆ ನಾನು ಏಕೆ ಇಷ್ಟು ಒತ್ತು ಕೊಡುತ್ತೇನೆಂದರೆ, ದೊಡ್ಡ ಪ್ರಕರಣಗಳು ಗಂಟೆಗಳ ಲೆಕ್ಕದ ಮೇಲೆ ನಿಂತಿವೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣ ಸರ್ಬ್ ಪಡೆಗಳ ವಶವಾದ ಕೆಲವೇ ದಿನಗಳಲ್ಲಿ ಸುಮಾರು 8,000 ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಲ್ಲಲಾಯಿತು. ಆ ಪ್ರದೇಶ ದ್ರಿನಾ ಕೋರ್‌ನ ವ್ಯಾಪ್ತಿಗೆ ಸೇರಿತ್ತು. ಜನರಲ್ ರಾದಿಸ್ಲಾವ್ ಕ್ರಿಸ್ಟಿಚ್ ಮೊದಲು ಅದರ ಉಪ ಕಮಾಂಡರ್ ಆಗಿದ್ದು, ಬಳಿಕ ಕಮಾಂಡರ್ ಆದ. ಬದಲಾವಣೆ ಆದದ್ದು ಯಾವಾಗ? ಕೊಲೆಗಳೆಲ್ಲ ಮುಗಿದ ನಂತರವೇ ಆತ ಅಧಿಕಾರ ವಹಿಸಿಕೊಂಡನೆಂದು ಆತನ ವಕೀಲರು ಮೇಲೆ ಹೇಳಿದ ಯುಗೊಸ್ಲಾವಿಯಾ ನ್ಯಾಯಮಂಡಳಿಯಲ್ಲಿ ವಾದಿಸಿದರು. ಬೋಸ್ನಿಯಾದ ಸರ್ಬ್ ಗಣರಾಜ್ಯದ ಅಧ್ಯಕ್ಷನ ನೇಮಕ ಆದೇಶದ ಪ್ರಕಾರ ಆತ ಅಧಿಕಾರ ವಹಿಸಬೇಕಿದ್ದ ದಿನಾಂಕ ಜುಲೈ 15. ಆದರೆ ಜುಲೈ 13ರ ಸಂಜೆಯ ಒಂದು ಆದೇಶಪತ್ರದಲ್ಲಿ ಕಮಾಂಡರ್ ಎಂಬ ಹುದ್ದೆಯ ಕೆಳಗೆ ಕ್ರಿಸ್ಟಿಚ್‌ನ ಹೆಸರಿತ್ತು. ಇತರ ಸಾಕ್ಷ್ಯಗಳನ್ನೂ ಸೇರಿಸಿ ತೂಗಿದ ನ್ಯಾಯಾಲಯವು, ಆತ ವಾಸ್ತವದಲ್ಲಿ ಅಧಿಕಾರ ವಹಿಸಿಕೊಂಡದ್ದು 13ರ ಸಂಜೆಯೇ ಎಂದು ನಿರ್ಧರಿಸಿತು. 2001ರಲ್ಲಿ ವಿಧಿಸಿದ 46 ವರ್ಷಗಳ ಶಿಕ್ಷೆಯನ್ನು 2004ರಲ್ಲಿ ಮೇಲ್ಮನವಿ ಪೀಠವು, ನರಮೇಧಕ್ಕೆ ನೆರವಾದ ಅಪರಾಧಕ್ಕಾಗಿ ಎಂದು ಬದಲಿಸಿ, 35 ವರ್ಷಗಳಿಗೆ ಇಳಿಸಿತು. ನೇಮಕಪತ್ರವನ್ನಷ್ಟೇ ನೋಡಿ ಕುಳಿತವರಿಗೆ ಆ ಎರಡು ದಿನಗಳು ಕಾಣುತ್ತಲೇ ಇರಲಿಲ್ಲ.

ಅದೇ ತನಿಖೆಯಲ್ಲಿ ದ್ರಿನಾ ಕೋರ್‌ಗೆ ಸೇರಿದ ಜ್ವೋರ್ನಿಕ್ ಬ್ರಿಗೇಡಿನ ಕಚೇರಿಯಿಂದ ವಶಪಡಿಸಿಕೊಂಡ ಕಾಗದಗಳಲ್ಲಿ ವಾಹನಗಳ ಲಾಗ್ ಪುಸ್ತಕ, ಮಣ್ಣು ಅಗೆಯುವ ಯಂತ್ರಗಳ ದಿನಚರಿ, ಡೀಸೆಲ್ ವಿತರಣೆಯ ಲೆಕ್ಕ, ಕರ್ತವ್ಯದ ಮೇಲಿದ್ದ ಅಧಿಕಾರಿಯ ಟಿಪ್ಪಣಿ ಪುಸ್ತಕ ಇದ್ದವು. ಯಾವ ಯಂತ್ರ ಯಾವ ದಿನ ಯಾವ ಹಳ್ಳಿಯಲ್ಲಿ ಎಷ್ಟು ಹೊತ್ತು ಅಗೆಯಿತು ಎಂಬ ನಮೂದು, ಸಾಮೂಹಿಕ ಗೋರಿ ಸಿಕ್ಕ ಜಾಗಕ್ಕೆ ಹೊಂದಿತು. ಕೊಲ್ಲಲು ಕೊಟ್ಟ ಆದೇಶವನ್ನು ಯಾರೂ ಬರೆದಿಡಲಿಕ್ಕಿಲ್ಲ. ಡೀಸೆಲ್ ಕೊಟ್ಟವನು ಮಾತ್ರ ಲೆಕ್ಕ ಬರೆದೇ ಬರೆಯುತ್ತಾನೆ, ಏಕೆಂದರೆ ಅದಕ್ಕೆ ಅವನು ಉತ್ತರ ಹೇಳಬೇಕು.

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 2005ರಲ್ಲಿ ಹಳೆಯ ರಾಷ್ಟ್ರೀಯ ಪೊಲೀಸ್ ಪಡೆಯ ಕಡತಗಳ ರಾಶಿ ಆಕಸ್ಮಿಕವಾಗಿ ಸಿಕ್ಕಿತು, ಸುಮಾರು 8 ಕೋಟಿ ಪುಟ. ಎಡ್ಗರ್ ಫರ್ನಾಂಡೊ ಗಾರ್ಸಿಯಾ ಎಂಬ ಕಾರ್ಮಿಕ ನಾಯಕ 1984ರ ಫೆಬ್ರುವರಿಯಲ್ಲಿ ಕಾಣೆಯಾಗಿದ್ದರು. ಆ ದಿನ, ಆ ಸ್ಥಳದಲ್ಲಿ ನಡೆಸಿದ ಕಾರ್ಯಾಚರಣೆಗಾಗಿ ಕೆಲವು ಪೊಲೀಸರಿಗೆ ಪದಕ ಕೊಡಬೇಕೆಂದು ಮಾಡಿದ್ದ ಶಿಫಾರಸು ಕಡತಗಳಲ್ಲಿತ್ತು. 2010ರಲ್ಲಿ ಇಬ್ಬರು ಪೊಲೀಸರಿಗೆ ಶಿಕ್ಷೆಯಾಯಿತು. 2013ರಲ್ಲಿ ಅಂದಿನ ಪೊಲೀಸ್ ಮುಖ್ಯಸ್ಥ ಹೆಕ್ಟರ್ ಬೋಲ್ ದೆ ಲಾ ಕ್ರೂಸ್‌ನ ವಿಚಾರಣೆ ನಡೆದಾಗ, ಕಾಗದಪತ್ರಗಳು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಹೇಗೆ ಸಂಚರಿಸುತ್ತಿದ್ದವು ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ನ್ಯಾಯಾಲಯಕ್ಕೆ ವಿವರಿಸಿದರು; ತನಗೆ ತಿಳಿದಿರಲಿಲ್ಲ ಎನ್ನಲು ಮುಖ್ಯಸ್ಥನಿಗೆ ಆಸ್ಪದ ಉಳಿಯಲಿಲ್ಲ. ಅವರಲ್ಲೊಬ್ಬರಾದ ಪ್ಯಾಟ್ರಿಕ್ ಬಾಲ್ 1990ರ ದಶಕದ ಆರಂಭದಲ್ಲಿಯೇ ಎಲ್ ಸಾಲ್ವಡಾರ್‌ನಲ್ಲಿ ಸಂತ್ರಸ್ತರ ಸಾವಿರಾರು ಹೇಳಿಕೆಗಳನ್ನು ಸೇನಾಧಿಕಾರಿಗಳ ಸೇವಾ ಇತಿಹಾಸದೊಂದಿಗೆ ಕಂಪ್ಯೂಟರಿನಲ್ಲಿ ಹೊಂದಿಸಿ, ಯಾವ ಅಧಿಕಾರಿ ಎಲ್ಲಿಗೆ ವರ್ಗವಾದಾಗ ಎಲ್ಲಿ ದೌರ್ಜನ್ಯ ಹೆಚ್ಚಿತು ಎಂದು ತೋರಿಸಿದ್ದರು.

ಚಿತ್ರ, ವಿಡಿಯೋಗಳ ಬಗ್ಗೆಯೂ ಎರಡು ಮಾತು. 2017ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಮಹಮೂದ್ ಅಲ್ ವರ್ಫಲ್ಲಿ ಎಂಬ ಕಮಾಂಡರನ ಬಂಧನಕ್ಕೆ ವಾರಂಟ್ ಹೊರಡಿಸಿದಾಗ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ ವಿಡಿಯೋಗಳೇ ಪ್ರಮುಖ ಆಧಾರವಾಗಿದ್ದವು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕನ್ನು ಹಾಗೆಯೇ ಉಳಿಸಿಕೊಂಡರೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ನಮ್ಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ಪರೀಕ್ಷಿಸಲು ಕಂಪ್ಯೂಟರ್ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ನಮೂದಾಗಬೇಕು. ಮೂಲ ಕಡತವನ್ನು ಮುಟ್ಟದೆ ಕಾದಿರಿಸಿ, ಯಾರಿಂದ ಯಾವಾಗ ಪಡೆದಿರಿ ಎಂಬುದನ್ನು ಅಂದೇ ಬರೆದಿಡಿ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 2020ರಲ್ಲಿ ಬಿಡುಗಡೆ ಮಾಡಿದ ಬರ್ಕ್ಲಿ ಪ್ರೋಟೋಕಾಲ್ ಈ ಕೆಲಸಕ್ಕೆ ಒಳ್ಳೆಯ ಕೈಪಿಡಿ.

ಎಷ್ಟು ನಂಬಬಹುದೆಂದು ಕೇಳಿದ್ದೀರಿ. ಒಂದೇ ಸುದ್ದಿಸಂಸ್ಥೆಯ ವರದಿಯನ್ನು ಹತ್ತು ಪತ್ರಿಕೆಗಳು ಅಚ್ಚು ಹಾಕಿದರೆ ಅದು ಒಂದೇ ಆಧಾರ, ಹತ್ತಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂಲಗಳು ಹೊಂದಿದರೆ ಬರೆಯಿರಿ. ಇಲ್ಲದಿದ್ದರೆ ಹೆಸರಿನ ಜಾಗವನ್ನು ಖಾಲಿ ಬಿಡಿ.

ಪ್ರಶ್ನೆ: ಮೇಲಿನ ಹುದ್ದೆಯಲ್ಲಿದ್ದರು ಎಂಬ ಒಂದೇ ಕಾರಣಕ್ಕೆ ಅಧಿಕಾರಿಯನ್ನು ಶಿಕ್ಷಿಸುವುದು ನ್ಯಾಯವೇ?
— ಪ್ರೌಢಶಾಲಾ ಶಿಕ್ಷಕಿ, ರಾಣೆಬೆನ್ನೂರು

ನ್ಯಾಯವಲ್ಲ. ಆದರೆ ಒಮ್ಮೆ ಹಾಗೆ ನಡೆದುಹೋಗಿದೆ ಎಂದೇ ನನ್ನ ಅಭಿಪ್ರಾಯ. 1945ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾ ನಗರದಲ್ಲಿ ಜಪಾನಿ ಪಡೆಗಳು ನಡೆಸಿದ ಹತ್ಯಾಕಾಂಡಕ್ಕೆ ಅಲ್ಲಿನ ಜಪಾನಿ ಸೇನೆಯ ಕಮಾಂಡರ್ ಜನರಲ್ ಯಾಮಾಶಿತಾನನ್ನು ಹೊಣೆ ಮಾಡಲಾಯಿತು. ಆತ ಆ ಹೊತ್ತಿಗೆ ದೂರದ ಬೆಟ್ಟಗಳಲ್ಲಿದ್ದ. ಮನಿಲಾದಲ್ಲಿ ಹೋರಾಡುತ್ತಿದ್ದವರು ಹೆಚ್ಚಾಗಿ ನೌಕಾಪಡೆಯವರು. ಸಂಪರ್ಕ ವ್ಯವಸ್ಥೆ ಕಡಿದುಹೋಗಿತ್ತು. ಆದರೂ ಅಮೆರಿಕದ ಸೇನಾ ಆಯೋಗ ಮರಣದಂಡನೆ ವಿಧಿಸಿತು, ಅಮೆರಿಕದ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ, 1946ರ ಫೆಬ್ರುವರಿ 23ರಂದು ಗಲ್ಲಿಗೇರಿಸಲಾಯಿತು. ನ್ಯಾಯಮೂರ್ತಿಗಳಾದ ಮರ್ಫಿ ಮತ್ತು ರಟ್ಲೆಜ್ ಬರೆದ ಭಿನ್ನಮತವೇ ಇಂದಿಗೂ ಹೆಚ್ಚು ಗೌರವಕ್ಕೆ ಅರ್ಹವೆಂದು ನಾನು ತಿಳಿಯುತ್ತೇನೆ.

ಇಂದಿನ ಕಾನೂನು ತೂಗುವುದು ಹುದ್ದೆಯನ್ನಲ್ಲ, ಹತೋಟಿಯನ್ನು ಮತ್ತು ತಿಳಿವಳಿಕೆಯನ್ನು. ಕಾಂಗೋದ ಬಂಡುಕೋರ ನಾಯಕ ಜೀನ್ ಪಿಯರ್ ಬೆಂಬಾ ತನ್ನ ಪಡೆಯನ್ನು ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಕಳುಹಿಸಿದ್ದ. ಅಲ್ಲಿ ಅವರು ನಡೆಸಿದ ಅತ್ಯಾಚಾರ, ಕೊಲೆಗಳಿಗೆ ಕಮಾಂಡರ್ ಎಂಬ ನೆಲೆಯಲ್ಲಿ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಆತನಿಗೆ 18 ವರ್ಷಗಳ ಶಿಕ್ಷೆಯಾಯಿತು. 2018ರ ಜೂನ್‌ನಲ್ಲಿ ಮೇಲ್ಮನವಿ ಪೀಠ, ಮೂವರ ಬಹುಮತದಿಂದ, ಆತನನ್ನು ಬಿಡುಗಡೆ ಮಾಡಿತು. ಬೇರೆ ದೇಶದಲ್ಲಿದ್ದ ಪಡೆಯ ಮೇಲೆ ದೂರದಿಂದ ಆತ ಏನು ಮಾಡಲು ಸಾಧ್ಯವಿತ್ತು ಎಂಬುದನ್ನು ಕೆಳಗಿನ ಪೀಠ ಸರಿಯಾಗಿ ತೂಗಲಿಲ್ಲ ಎಂಬುದು ಒಂದು ಮುಖ್ಯ ಕಾರಣ. ಸಂತ್ರಸ್ತ ಮಹಿಳೆಯರಿಗೆ ಅದು ದೊಡ್ಡ ಆಘಾತ. ದಾಖಲಿಸುವವರು ಅದರಿಂದ ಕಲಿತದ್ದೇನೆಂದರೆ, ಸರಪಳಿಯ ನಕ್ಷೆ ಬರೆದರೆ ಸಾಲದು, ಅಧಿಕಾರಿಯ ಮಾತು ಆ ಪಡೆಯಲ್ಲಿ ಆ ದಿನಗಳಲ್ಲಿ ನಿಜಕ್ಕೂ ನಡೆಯುತ್ತಿತ್ತು ಎಂಬುದಕ್ಕೂ ಸಾಕ್ಷ್ಯ ಕೂಡಿಸಬೇಕು.

ಪ್ರಶ್ನೆ: ಇವೆಲ್ಲ ಹೊರದೇಶದ ಮಾತಾಯಿತು. ನಮ್ಮ ದೇಶದಲ್ಲಿ ಇಂಥ ದಾಖಲೆಯಿಂದ ಏನಾದರೂ ಆಗುತ್ತದೆಯೇ?
— ವಕೀಲರು, ಹಾವೇರಿ

ದಾರಿ ಕಿರಿದು, ಆದರೆ ಮುಚ್ಚಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನಕ್ಕೆ ಭಾರತ ಸಹಿ ಹಾಕಿಲ್ಲ. ಮೇಲಧಿಕಾರಿಯ ಹೊಣೆಯನ್ನು ಆ ಅರ್ಥದಲ್ಲಿ ಹೇಳುವ ಪ್ರತ್ಯೇಕ ಕಲಂ ನಮ್ಮ ದಂಡಸಂಹಿತೆಯಲ್ಲಿ ಇಲ್ಲ. ಸಂಚು, ಪ್ರಚೋದನೆ, ಸಾಕ್ಷ್ಯನಾಶ ಮುಂತಾದ ಕಲಮುಗಳಲ್ಲಿಯೇ ಅದನ್ನು ಹಿಡಿಯಬೇಕು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಲ್ಲಿರುವ ಪ್ರದೇಶದಲ್ಲಿ ಆ ಕಾಯ್ದೆಯಡಿ ಮಾಡಿದ ಕೃತ್ಯಕ್ಕಾಗಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ 2021ರ ಡಿಸೆಂಬರ್ 4ರಂದು ಕಲ್ಲಿದ್ದಲು ಗಣಿಯಿಂದ ಮನೆಗೆ ಮರಳುತ್ತಿದ್ದ ಕಾರ್ಮಿಕರು ಸೇನೆಯ ಗುಂಡಿಗೆ ಬಲಿಯಾದ ಪ್ರಕರಣದಲ್ಲಿ ರಾಜ್ಯದ ತನಿಖಾ ತಂಡ 30 ಸೇನಾ ಸಿಬ್ಬಂದಿಯ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತ್ತು. 2023ರಲ್ಲಿ ಕೇಂದ್ರ ಅನುಮತಿ ನಿರಾಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿಚಾರಣೆಯನ್ನು ಮುಕ್ತಾಯಗೊಳಿಸಿತು, ಅನುಮತಿ ದೊರೆತರೆ ಮುಂದುವರಿಸಲು ಅಡ್ಡಿಯಿಲ್ಲವೆಂದೂ ಹೇಳಿತು.

ಇನ್ನೊಂದು ಕಡೆ ಮಣಿಪುರದ ಉದಾಹರಣೆ ಇದೆ. ಅಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಸಂಘಟನೆಯು 1979ರಿಂದ 2012ರವರೆಗೆ ನಡೆದವೆಂದು ಹೇಳಲಾದ 1,528 ಕಾನೂನುಬಾಹಿರ ಹತ್ಯೆಗಳ ಪಟ್ಟಿಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಿತು. ನ್ಯಾಯಾಲಯ 2013ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷರು ನಮ್ಮ ರಾಜ್ಯದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ, ಸದಸ್ಯರಲ್ಲಿ ಒಬ್ಬರು ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್. ಪರಿಶೀಲನೆಗೆ ತೆಗೆದುಕೊಂಡ ಆರು ಪ್ರಕರಣಗಳಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲವೆಂದು ಆಯೋಗ ವರದಿ ಕೊಟ್ಟಿತು. 2016ರ ಜುಲೈ 8ರ ತೀರ್ಪಿನಲ್ಲಿ, ಪ್ರಕ್ಷುಬ್ಧ ಪ್ರದೇಶದಲ್ಲಿಯೂ ಸಶಸ್ತ್ರ ಪಡೆಗಳಿಗೆ ಸಂಪೂರ್ಣ ವಿನಾಯಿತಿ ಎಂಬುದಿಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಮರುವರ್ಷ ಸಿಬಿಐ ತನಿಖೆಗೆ ಆದೇಶಿಸಿತು. ವಿಧವೆಯರು ತಾವೇ ಮನೆಮನೆಗೆ ಹೋಗಿ ದಿನಾಂಕ, ಸ್ಥಳ, ಪಡೆಯ ಹೆಸರುಗಳನ್ನು ಕೂಡಿಸದಿದ್ದರೆ ಆ ಅರ್ಜಿಯೇ ಇರುತ್ತಿರಲಿಲ್ಲ. ಈ ದೇಶದಲ್ಲಿ ದಾಖಲಾತಿಯ ಶಕ್ತಿಗೆ ನನಗೆ ತಿಳಿದ ಅತ್ಯುತ್ತಮ ನಿದರ್ಶನ ಅದು.

ನಿಮ್ಮ ವೃತ್ತಿಗೆ ಉಪಯೋಗವಾಗುವ ಕೆಲವು ಸಂಗತಿಗಳು: ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಶಸ್ತ್ರ ಪಡೆಗಳ ವಿಷಯದಲ್ಲಿ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 19ನೇ ಕಲಮಿನಂತೆ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡಬಹುದಷ್ಟೇ, ತಾನೇ ತನಿಖೆ ನಡೆಸುವಂತಿಲ್ಲ, ಘಟನೆ ನಡೆದು ಒಂದು ವರ್ಷ ಕಳೆದರೆ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವಂತೆಯೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ ಸಿಆರ್‌ಪಿಎಫ್, ಬಿಎಸ್‌ಎಫ್, ಅಸ್ಸಾಂ ರೈಫಲ್ಸ್ ಮುಂತಾದವನ್ನು ಕಾಯ್ದೆಯಿಂದ ಹೊರಗಿಟ್ಟಿದೆ. ಆದರೆ ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಯನ್ನು ಕೇಂದ್ರ ಮಾಹಿತಿ ಆಯೋಗದ ಒಪ್ಪಿಗೆಯೊಂದಿಗೆ 45 ದಿನಗಳೊಳಗೆ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ. ಅರ್ಜಿಯಲ್ಲಿ ತುಕಡಿ ಮತ್ತು ದಿನಾಂಕವನ್ನು ಖಚಿತವಾಗಿ ಹೇಳಿದರೆ ನಿರಾಕರಿಸುವುದು ಅಷ್ಟು ಸುಲಭವಲ್ಲ.

ಪ್ರಶ್ನೆ: ಒಂದು ಘಟನೆಗೆ ಸಂಬಂಧಿಸಿದ ಪಡೆಯ ಸೈನಿಕರ ಫೇಸ್‌ಬುಕ್ ಖಾತೆಗಳಿಂದ ಹೆಸರು, ಊರು, ಮೊಬೈಲ್ ಸಂಖ್ಯೆ, ಕುಟುಂಬದ ಚಿತ್ರಗಳನ್ನು ಗೆಳೆಯರು ಸೇರಿ ಸಂಗ್ರಹಿಸಿದ್ದೇವೆ. ಪ್ರಕಟಿಸಬಹುದೇ?
— ಪದವಿ ವಿದ್ಯಾರ್ಥಿ, ಗದಗ

ಖಂಡಿತ ಪ್ರಕಟಿಸಬೇಡಿ. ನೀವು ಮಾಡಿರುವುದು ಆದೇಶದ ಸರಪಳಿಯ ದಾಖಲೆಯಲ್ಲ. ಸೈನಿಕನ ಹೆಂಡತಿ, ಮಕ್ಕಳ ಚಿತ್ರಕ್ಕೂ ಆರೋಪಕ್ಕೂ ಯಾವ ಸಂಬಂಧವೂ ಇಲ್ಲ. ಅದು ಅವರನ್ನು ಅಪಾಯಕ್ಕೆ ಒಡ್ಡುತ್ತದೆ. ಆ ಪಡೆ ಈಗ ಎಲ್ಲಿದೆ ಎಂಬುದನ್ನು ಬರೆದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಅಡಿಯಲ್ಲಿ ನೀವೇ ಆರೋಪಿಗಳಾಗಬಹುದು. ಮೊಬೈಲ್ ಸಂಖ್ಯೆ, ಮನೆಯ ವಿಳಾಸ, ಕುಟುಂಬದ ಚಿತ್ರಗಳನ್ನು ಇಂದೇ ಅಳಿಸಿಬಿಡಿ. ಘಟನೆಯ ದಿನಾಂಕ, ಸ್ಥಳ, ತುಕಡಿ, ಅಂದಿನ ಕಮಾಂಡರ್‌ಗೆ ಸಂಬಂಧಿಸಿದ ಸಾರ್ವಜನಿಕ ಮಾಹಿತಿಯನ್ನಷ್ಟೇ ಆಧಾರಗಳ ಸಮೇತ ಬೇರೆ ಕಡತದಲ್ಲಿ ಇಟ್ಟುಕೊಂಡು, ಸಂತ್ರಸ್ತರ ಕುಟುಂಬದ ಒಪ್ಪಿಗೆ ಪಡೆದ ಮೇಲೆ ಅವರ ಪರವಾಗಿರುವ ವಕೀಲರಿಗೆ ಒಪ್ಪಿಸಿ. ಒಪ್ಪಿಗೆ ಸಿಗದಿದ್ದರೆ ಅದನ್ನು ಯಾರಿಗೂ ಕೊಡಬೇಡಿ.